ಸೀಗೆಹುಂಡಿ ಇದೆಯೋ ಇಲ್ಲವೋ

ಚೆಂಡುಹೂವಿನ ವಾಸನೆಯನ್ನು ಪರಿಮಳ ಎಂದು ಬರೆದವರು ಅದನ್ನು ತುಂಬಿದ ಬಸ್ಸಿನಲ್ಲಿ ಮೂಸಿ ನೋಡಿದವರಲ್ಲ. ಮೊನ್ನೆ ಚಾಮರಾಜನಗರದಿಂದ ಊರಿಗೆ ಬರುವಾಗ ಯಾರೋ ಪುಣ್ಯಾತ್ಮ ಮಳೆಯಲ್ಲಿ ನೆಂದ ಹೂವಿನ ಮೂಟೆಗಳನ್ನು ತಂದು ನನ್ನ ಸೀಟಿನ ಪಕ್ಕಕ್ಕೇ ತುರುಕಿದ. ಆ ಘಾಟು ಮೂಗಿಗೆ ಏರಿದ್ದೇ ತಡ, ಡಿಗ್ರಿ ಕೊನೇ ವರ್ಷದ ಮಳೆಗಾಲ ನೆನಪಾಗಿ ಒಬ್ಬಳೇ ನಗಲು ಶುರುಮಾಡಿದೆ. ಪಕ್ಕದ ಹೆಂಗಸು ನನ್ನನ್ನು ಒಂದು ಸಲ ನೋಡಿ ಕಿಟಕಿ ಕಡೆಗೆ ಸರಿದು ಕೂತಳು. ಸರೀಲಿ ಬಿಡಿ. ನಮ್ಮೂರು ಭೂಮಿಯ ಮೇಲೆ ಇದೆ ಅಂತ ತೋರಿಸೋದಕ್ಕೆ ಆ ವರ್ಷ ನಾವು ಪಟ್ಟ ಪಾಡು ಅವಳಿಗೇನು ಗೊತ್ತು!

ನಮ್ಮೂರು ಸೀಗೆಹುಂಡಿ. ಗುಂಡ್ಲುಪೇಟೆ ರಸ್ತೆಯ ಪಕ್ಕದಲ್ಲೇ ಇದೆ. ಒಂದು ಬೀದಿ, ಒಂದು ಮಾರಿಗುಡಿ, ಒಂದು ನೀರಿನ ಟ್ಯಾಂಕು, ಜನಕ್ಕಿಂತ ಹೆಚ್ಚಾಗಿ ಮೇಕೆಗಳು. ಆದರೆ ಕಾಗದಪತ್ರಗಳಲ್ಲೆಲ್ಲ ನಾವು ಮುಂದಿನ ದೊಡ್ಡ ಊರು ಬಸವನಕಟ್ಟೆಗೆ ಸೇರಿದವರು. ರೇಷನ್ ಅಂಗಡಿ ಅಲ್ಲಿ, ಸ್ಕೂಲು ಅಲ್ಲಿ, ಬಸ್ ಸ್ಟಾಪೂ ಅಲ್ಲೇ. ಸಂಜೆ ಕಾಲೇಜು ಬಿಟ್ಟ ಮೇಲೆ ನನಗೆ ಸಿಗುತ್ತಿದ್ದದ್ದು ಒಂದೇ ಖಾಸಗಿ ಬಸ್ಸು. ಅದು ನಮ್ಮ ಹಿತ್ತಲ ಬೇಲಿಗೆ ಉಜ್ಜಿಕೊಂಡೇ ಹೋಗುತ್ತಿತ್ತು. ಅವ್ವ ಒಗ್ಗರಣೆ ಹಾಕಿದ್ದು ಕಿಟಕಿಯಲ್ಲಿ ನನ್ನ ಮೂಗಿಗೇ ಬರುತ್ತಿತ್ತು. ಆದರೂ ಇಳಿಯಬೇಕಾದ್ದು ಬಸವನಕಟ್ಟೆಯಲ್ಲಿ. ಅಲ್ಲಿಂದ ಕಬ್ಬಿನ ಗದ್ದೆಗಳ ನಡುವೆ ವಾಪಸ್ಸು ನಡೆಯಬೇಕು.

ಕಂಡಕ್ಟರ್ ನಯಾಜಣ್ಣ ಗುಂಡ್ಲುಪೇಟೆಯವರು. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ನಮ್ಮನ್ನೇ ಮೀರಿಸುವಂಥ ನಮ್ಮೂರ ಕನ್ನಡ. ಒಳ್ಳೆಯವರೇ, ಆದರೆ ಕೈಯಲ್ಲಿದ್ದ ಟಿಕೆಟ್ ಮಿಷನ್ನನ್ನು ದೇವರ ವಾಕ್ಯ ಅಂತ ನಂಬಿದ್ದರು.

"ಅಣ್ಣ, ಇಲ್ಲೇ ಇಳಿಸಿಬಿಡಿ, ನಮ್ಮೂರು ಬಂತು" ಅಂದರೆ, "ಯಾವ ಊರಮ್ಮ?" ಅಂತ ಕೇಳುತ್ತಿದ್ದರು. ದಿನಾ ಕೇಳುತ್ತಿದ್ದರು.

"ಸೀಗೆಹುಂಡಿ."

"ಮಿಷನ್ನಲ್ಲಿಲ್ಲ ಕಣಮ್ಮ. ಮಿಷನ್ನಲ್ಲಿ ಇಲ್ದಿರೋ ಊರಲ್ಲಿ ನಾನೆಲ್ಲಿ ಬಸ್ ನಿಲ್ಲಿಸ್ಲಿ? ಮಾಲೀಕರು ಕೇಳಿದ್ರೆ ಕಾಡಲ್ಲಿ ಇಳಿಸ್ದೆ ಅನ್ಲಾ?"

ಬಸ್ಸಿನವರೆಲ್ಲ ನಗುವರು. ನಾನು ಮುಖ ದುಮ್ಮಿಸಿಕೊಂಡು ಕೂರುವೆ. ಕಿಟಕಿಯಾಚೆ ನಮ್ಮ ಅಜ್ಜಿ ಬೇಲಿ ಹತ್ತಿರ ನಿಂತು ಕೈ ಬೀಸುತ್ತಿರುವುದು ಕಾಣುತ್ತಿತ್ತು, ನಾನೂ ಬೀಸುತ್ತಿದ್ದೆ, ಬಸ್ಸು ಮುಂದೆ ಹೋಗುತ್ತಿತ್ತು.

ಇದು ನಗುವ ಮಾತಾಗಿಯೇ ಉಳಿಯುತ್ತಿತ್ತೋ ಏನೋ, ಆದರೆ ಆ ಮಳೆಗಾಲದಲ್ಲಿ ಗುಂಡ್ಲುಪೇಟೆ ಆಚೆಯ ಮದ್ದೂರು ಕಡೆ ಕಾಡಿನಿಂದ ಆನೆಗಳು ನಮ್ಮ ಕಬ್ಬಿನ ಗದ್ದೆಗೆ ಇಳಿದವು. ಒಂದು ದಿನ ನಾನು ಮನೆ ಮುಟ್ಟಿದ ಸ್ವಲ್ಪ ಹೊತ್ತಿಗೇ ನಾನು ಬಂದ ದಾರಿಯಲ್ಲೇ ಲದ್ದಿ ಹಬೆಯಾಡುತ್ತ ಬಿದ್ದಿದ್ದನ್ನು ಜನ ನೋಡಿ ಬಂದರು. ಅವ್ವ ಅವತ್ತು ರಾಗಿ ಮುದ್ದೆ ತಿರುವುವ ಕೋಲು ಕೈಯಲ್ಲಿ ಹಿಡಿದುಕೊಂಡೇ ತೀರ್ಪು ಕೊಟ್ಟಳು.

"ಓದಿದ್ದು ಸಾಕು ಬುಡು. ದೀಪಾವಳಿ ಹೊತ್ಗೆ ಬಿರ್ರನೆ ಕತ್ಲಾಯ್ತದೆ. ಬಸ್ಸು ಊರ ಮುಂದ್ಕೆ ನಿಂತ್ರೆ ಓಗು, ಇಲ್ದಿದ್ರೆ ಹಬ್ಬ ಆದ್ಮೇಲೆ ಮನೇಲಿರು."

ಕೊನೇ ವರ್ಷ ಕಣ್ರೀ! ನಮ್ಮ ಮನೆಯಲ್ಲಿ ಅಲ್ಲಿಯ ತನಕ ಓದಿದವಳು ನಾನೊಬ್ಬಳೇ. ಅಳು ಬಂತು, ಅತ್ತೆ. ಅಜ್ಜಿ ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ, "ಅಳ್ಬೇಡ ಕಣಮ್ಮಿ, ಬಸ್ ನಿಲ್ಸನ" ಅಂದಳು, ಎಮ್ಮೆ ಕಟ್ಟನ ಅನ್ನುವಷ್ಟು ಸಲೀಸಾಗಿ.

ಇದೇ ಹೊತ್ತಿಗೆ ನಮ್ಮ ಕನ್ನಡ ಮೇಷ್ಟ್ರಿಗೆ ಹೊಸ ಹುಚ್ಚು ಹಿಡಿಯಿತು. ಆನ್‌ಲೈನ್ ವಿಶ್ವಕೋಶ. "ಜಗತ್ತಿನ ಜ್ಞಾನವೆಲ್ಲ ಅಲ್ಲಿದೆ, ನಮ್ಮ ತಾಲೂಕಿನ ಜ್ಞಾನ ಮಾತ್ರ ಇಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಪ್ರತಿಯೊಬ್ಬರೂ ನಿಮ್ಮ ನಿಮ್ಮ ಊರಿನ ಮೇಲೆ ಒಂದು ಲೇಖನ ಬರೀಬೇಕು. ಇಂಟರ್ನಲ್ ಮಾರ್ಕ್ಸು ಅದಕ್ಕೇ" ಅಂದುಬಿಟ್ಟರು.

ಲ್ಯಾಬಿನ ಕಂಪ್ಯೂಟರುಗಳಲ್ಲಿ ಒಂದಕ್ಕೆ ಮೌಸ್ ಇದ್ದರೆ ಕೀಬೋರ್ಡ್ ಇಲ್ಲ, ಕೀಬೋರ್ಡ್ ಇದ್ದರೆ ಕರೆಂಟಿಲ್ಲ. ಎಲ್ಲರೂ ಮೊಬೈಲಿನಲ್ಲೇ ಕಲಿತೆವು. ಖಾತೆ ತೆರೆಯುವುದು, ಪ್ರಯೋಗಪುಟದಲ್ಲಿ ಗೀಚುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ ಜಗಳ ಆಡುವುದು. ಹರದನಹಳ್ಳಿ ಹುಡುಗಿಯರಿಗೇನು ಕಷ್ಟ? ಹಳೇ ದೇವಸ್ಥಾನವಿದೆ, ಯಾವ ಪುಸ್ತಕ ತೆಗೆದರೂ ಊರ ಹೆಸರು ಸಿಗುತ್ತದೆ. ಚಂದಕವಾಡಿಯವರು ಹೋಬಳಿ ಅಂತ ಕುತ್ತಿಗೆ ಕೊಂಕಿಸಿಕೊಂಡು ಓಡಾಡಿದರು. ನಾನು ನನ್ನ ಮೊದಲ ಲೇಖನ ಹೀಗೆ ಶುರುಮಾಡಿದ್ದೆ: "ಹಸಿರು ಸೀರೆಯುಟ್ಟ ಭೂತಾಯಿಯ ಮಡಿಲಲ್ಲಿ ಸ್ವರ್ಗವೇ ಇಳಿದು ಬಂದಂತಿರುವ ಸೀಗೆಹುಂಡಿ."

ಮೇಷ್ಟ್ರು ಕನ್ನಡಕ ಮೇಲೆತ್ತಿದರು. "ಸ್ವರ್ಗ ಯಾರಮ್ಮ ನೋಡಿರೋದು? ಆಧಾರ ಎಲ್ಲಿ?"

"ಸುಮ್ಮನೆ ವರ್ಣನೆ ಸಾರ್."

"ವಿಶ್ವಕೋಶದಲ್ಲಿ ವರ್ಣನೆ ಇಲ್ಲ. ನಿಮ್ಮೂರಿನ ಮೇಲೆ ನಿನಗೆ ಪ್ರೀತಿ ಇರೋದು ಓದೋರಿಗೆ ಗೊತ್ತಾಗಬಾರದು."

ಸೀರೆ ಹೋಯಿತು, ಭೂತಾಯಿ ಹೋದಳು, ಸ್ವರ್ಗ ಹೋಯಿತು. ಆಧಾರ ಇಲ್ಲದ್ದನ್ನೆಲ್ಲ ತೆಗೆದು ನೋಡಿದರೆ ಉಳಿದದ್ದು ಒಂದೇ ಸಾಲು: "ಸೀಗೆಹುಂಡಿ ಒಂದು ಊರು." ಅದಕ್ಕೂ ಆಧಾರ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅವತ್ತು ಸಂಜೆ ಬಸ್ಸಿನಲ್ಲಿ ನಯಾಜಣ್ಣನ ಹತ್ತಿರ ಮತ್ತೆ ಅದೇ ವಾದ. ನನಗೂ ರೇಗಿತ್ತು. "ಮಿಷನ್ನಲ್ಲಿ ಇಲ್ಲದಿದ್ರೆ ಊರೇ ಇಲ್ವಾ ಅಣ್ಣ?" ಅಂದೆ.

ಅವರು ನಕ್ಕರು. "ನಮ್ಮ ಹುಡುಗ ಏನು ಕೇಳಿದ್ರೂ ಫೋನಲ್ಲಿ ನೋಡಿ ಹೇಳ್ತಾನಮ್ಮ. ಆಫ್ರಿಕಾದ ಹಳ್ಳಿನೂ ತೋರಿಸ್ತಾನೆ. ನಿಮ್ಮೂರು ಅದ್ರಲ್ಲಾದ್ರೂ ಐತಾ? ತೋರ್ಸು. ತೋರಿಸಿದ್ ದಿನ ನಿಲ್ಲಿಸ್ತೀನಿ, ಖುದಾ ಕಸಮ್."

ಬಸ್ಸಿನವರೆಲ್ಲ ಕೇಳಿಸಿಕೊಂಡರು. ನನಗೆ ಅಷ್ಟೇ ಸಾಕಾಗಿತ್ತು. ಮನೆಗೆ ಬಂದವಳೇ ಬರೆಯಲು ಕೂತೆ. ಊರಲ್ಲಿ ಸಿಗ್ನಲ್ ಬರುತ್ತಿದ್ದದ್ದು ಟ್ಯಾಂಕಿನ ಕೆಳಗೆ ಮಾತ್ರ, ಹಾಗಾಗಿ ಗುಟ್ಟಾಗಿ ಬರೆಯುವ ಮಾತೇ ಇರಲಿಲ್ಲ. ನೀರಿಗೆ ಬಂದವರೆಲ್ಲ ಏನು ಎತ್ತ ಅಂತ ವಿಚಾರಿಸಿದರು. ವಿಷಯ ತಿಳಿದ ಮೇಲೆ ಕೊಡ ಕೆಳಗಿಟ್ಟು ಹೇಳಿ ಬರೆಸಲು ನಿಂತರು.

"ನಮ್ಮ ಮಾರಮ್ಮನ ಸತ್ಯ ಬರಿ."

"ನಮ್ಮ ತಾತ ಚಿರತೆ ಬಾಲ ಹಿಡ್ದು ಎಳ್ದಿದ್ದು ಬರಿ."

"ಅದ್ಕೆ ಆಧಾರ ಬೇಕು" ಅಂದೆ.

"ಚಿರತೆನ ಎಲ್ಲಿಂದ ತರದಮ್ಮಿ ಈಗ?"

ಎಲ್ಲರಿಗಿಂತ ದೊಡ್ಡ ಕಾಟ ನಮ್ಮ ಚಿಕ್ಕಪ್ಪ ನಾಗರಾಜನದು. ಚಿಕ್ಕಪ್ಪ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಸೋತವನು, ಇನ್ನೊಂದು ಸಲ ನಿಲ್ಲುವವನು. "ಯಾರು ಬೇಕಾದ್ರೂ ತಿದ್ದಬೋದು" ಅನ್ನುವ ಮಾತು ಅವನ ಕಿವಿಗೆ ಬಿದ್ದದ್ದೇ ಅನರ್ಥವಾಯಿತು. ನಾನು ಇದ್ದ ವಿಷಯ ಇದ್ದ ಹಾಗೆ ಬರೆದಿದ್ದೆ: "ಈ ಊರಿಗೆ ಬಸ್ ನಿಲುಗಡೆ ಇಲ್ಲ. ಹತ್ತಿರದ ನಿಲುಗಡೆ ಬಸವನಕಟ್ಟೆ." ಬೆಳಗ್ಗೆ ಎದ್ದು ನೋಡಿದರೆ ಅಲ್ಲಿ, "ಇಲ್ಲಿ ಎಲ್ಲಾ ಬಸ್ಸುಗಳೂ ನಿಲ್ಲುತ್ತವೆ. ಊರಿನ ಹೆಮ್ಮೆಯ ಪುತ್ರ ಶ್ರೀ ನಾಗರಾಜುರವರು ಜನಸೇವೆಗೆ ಸದಾ ಸಿದ್ಧರಿದ್ದಾರೆ" ಅಂತಿತ್ತು.

"ಚಿಕ್ಕಪ್ಪ, ಸುಳ್ಳು ಯಾಕೆ ಬರ್ದೆ?"

"ಊರ್ ಮರ್ವಾದೆ ಕಣಮ್ಮಿ! ಬಸ್ ನಿಲ್ಲಕ್ಕಿಲ್ಲ ಅಂತ ಲೋಕ್ಕೆಲ್ಲ ಸಾರ್ತೀಯಲ್ಲ, ನಾಳಿಕ್ಕೆ ಯಾರು ಹೆಣ್ ಕೊಟ್ಟಾರು?"

ನಾನು ಅಳಿಸಿದೆ. ಅವನು ಬರೆದ. ನಾನು ಮತ್ತೆ ಅಳಿಸಿದೆ. ಅವನು ಎತ್ತು ಬಿಚ್ಚುತ್ತ ಫೋನಿಗೆ ಬಾಯಲ್ಲೇ ಹೇಳಿ ಮತ್ತೆ ಬರೆಸಿದ. ಹೀಗೆ ಚಿಕ್ಕಪ್ಪ, ಮಗಳು ಸೇರಿ ಹಗ್ಗಜಗ್ಗಾಟ ಆಡುತ್ತಿದ್ದದ್ದು ವಿಶ್ವಕೋಶದ ಹಳೇ ಸಂಪಾದಕರೊಬ್ಬರ ಕಣ್ಣಿಗೆ ಬಿತ್ತು. ಅವರ ನಿಜವಾದ ಹೆಸರಾಗಲಿ ಊರಾಗಲಿ ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ದಿನ ಬೆಳಗ್ಗೆ ಲೇಖನದ ನೆತ್ತಿಯ ಮೇಲೆ ಒಂದು ಕೆಂಪು ಚೌಕ ಕೂತಿತ್ತು. "ಇಂತಹ ಗ್ರಾಮವು ಅಸ್ತಿತ್ವದಲ್ಲಿರುವುದಕ್ಕೆ ಯಾವುದೇ ಆಧಾರ ಕಂಡುಬಂದಿಲ್ಲವಾದ್ದರಿಂದ ಈ ಪುಟವನ್ನು ಅಳಿಸಲು ಸೂಚಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ ಒಂದು ವಾರದೊಳಗೆ ಚರ್ಚಾಪುಟದಲ್ಲಿ ತಿಳಿಸತಕ್ಕದ್ದು."

ನಾನದನ್ನು ಮಾರಿಗುಡಿ ಜಗಲಿ ಮೇಲೆ ಓದಿ ಹೇಳಿದೆ.  

"ಏನಂತೆ ಹಂಗಂದ್ರೆ?" ಅಜ್ಜಿ ಕೇಳಿದಳು.

"ನಾವು ಇಲ್ಲ ಅಂತೆ ಅಜ್ಜಿ."

"ಯಾರ್ ಹೇಳಿದ್ದು?"

"ಹೆಸರು ಹಾಕಿಲ್ಲ."

"ಥೂ ಅವನ! ಹೆಸ್ರೇ ಇಲ್ದೋನು ನಮ್ಮೂರಿಲ್ಲ ಅಂತಾನಾ?"

ಚಿಕ್ಕಪ್ಪ ಎದ್ದು ನಿಂತು ಭಾಷಣ ಶುರುಮಾಡಿದ. ಒಂದು ವಾರ ಟೈಮಿದೆ, ಆಕ್ಷೇಪಣೆ ಹಾಕನ, ಒಬ್ಬೊಬ್ರೂ ಹಾಕನ, ಓಟಾಕ್ದಂಗೆ ಸಾಲಾಗಿ ನಿಂತು ಹಾಕನ ಅಂದ. ಇದು ಓಟಲ್ಲ ಅಂತ ನಾನು ಬಡಕೊಂಡೆ, ಯಾರೂ ಕೇಳಲಿಲ್ಲ. ಅವತ್ತು ಸಂಜೆ ಟ್ಯಾಂಕಿನ ಕೆಳಗೆ ನಿಜವಾಗಿಯೂ ಸಾಲು ನಿಂತಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಒಂದಿಬ್ಬರು ಮುದುಕರು ಬೆರಳಿಗೆ ಮಸಿ ಎಲ್ಲಿ ಅಂತ ಕೇಳಿದರು. ಫೋನಿದ್ದವರು ನನ್ನ ಹಾಟ್‌ಸ್ಪಾಟ್ ಹಿಡಿದುಕೊಂಡರು, ಇಲ್ಲದವರಿಗೆ ನನ್ನ ಫೋನಿನಲ್ಲೇ ಖಾತೆ ತೆರೆದುಕೊಟ್ಟೆ. ಎಲ್ಲರೂ ಚರ್ಚಾಪುಟದಲ್ಲಿ ತಮ್ಮ ತಮ್ಮ ಮಾತು ಹಾಕಿದರು. ಇದ್ದೀನಿ ಅನ್ನೋದಕ್ಕೆ ನಮ್ಮ ಕಡೆ ಇವ್ನಿ ಅಂತಾರೆ.

"ನಾನು ಇವ್ನಿ."

"ನಾನೂ ಇವ್ನಿ, ನನ್ ಹೆಂಡ್ರೂ ಅವ್ಳೆ."

"ಊರು ಅದೆ. ಅನುಮಾನ ಇದ್ರೆ ಬಂದು ಊಟ ಮಾಡ್ಕೊಂಡು ಹೋಗಿ."

"ನಮ್ಮ ಹಸ ನೆನ್ನೆ ಕರು ಹಾಕದೆ. ಇಲ್ದಿರೋ ಊರಲ್ಲಿ ಹಸ ಕರು ಹಾಕ್ತದಾ?"

 ಇಷ್ಟು ಜನ ಸಾಲಲ್ಲಿ ನಿಂತು ನಾನು ಇವ್ನಿ, ನಾನು ಇವ್ನಿ ಅನ್ನೋದನ್ನ ನೀವು ಕೇಳಿದ್ದೀರಾ?

ಮಾರನೇ ದಿನ ಎಲ್ಲ ಖಾತೆಗಳನ್ನೂ ಮುಚ್ಚಿದರು. ನನ್ನದನ್ನೂ ಸೇರಿಸಿ, ಹಾಗಾಗಿ ಚಿಕ್ಕಪ್ಪ ಕೊನೆಗೆ ಬರೆಸಿದ ಸುಳ್ಳು ಲೇಖನದಲ್ಲಿ ಹಾಗೇ ಉಳಿಯಿತು. ಒಂದೇ ಜಾಗದಿಂದ, ಒಂದೇ ಸಂಜೆ, ಒಂದೇ ರೀತಿಯ ಮಾತು. "ಒಬ್ಬರೇ ವ್ಯಕ್ತಿ ಹಲವು ಹೆಸರುಗಳಲ್ಲಿ ಬರೆಯುತ್ತಿರುವುದು ಸ್ಪಷ್ಟವಾಗಿದೆ" ಅಂತ ಕಾರಣ ಕೊಟ್ಟಿದ್ದರು.

ಇದನ್ನು ಹೇಳಿದಾಗ ಅಜ್ಜಿ ಬಿದ್ದು ಬಿದ್ದು ನಕ್ಕಳು. "ಮೊದ್ಲು ಊರಿಲ್ಲ ಅಂದ. ಈಗ ಊರೆಲ್ಲ ಸೇರಿ ಒಬ್ಳೇ ಅಂತಾನೆ. ನಮ್ಮೂರು ಯಾವತ್ತಾದ್ರೂ ಹಂಗೆ ಒಂದಾಗಿತ್ತಾ? ಆ ಪುಣ್ಯಾತ್ಮನ ಕಣ್ಗಾದ್ರೂ ಒಂದಾದ್ವಲ್ಲ, ಬುಡು."

ಮೇಷ್ಟ್ರಿಗೆ ನಗು ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಚೆನ್ನಾಗಿ ಉಗಿದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಅವರು ನಿಮ್ಮೂರು ಇಲ್ಲ ಅಂತಿಲ್ಲಮ್ಮ. ಎಲ್ಲಾದರೂ ಅಚ್ಚಾಗಿದ್ದರೆ ತೋರಿಸಿ ಅಂತಿದ್ದಾರೆ, ಅಷ್ಟೆ."

ಈ ಮಾತನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. "ಅಚ್ಚಾಗ್ಬೇಕಾ? ಅಷ್ಟೇನಾ?" ಅಂದವನೇ ಚಿಕ್ಕಪ್ಪ ಬೈಕು ಹತ್ತಿ ಗುಂಡ್ಲುಪೇಟೆಗೆ ಹೋದ. ಎರಡು ದಿನದಲ್ಲಿ ರಸ್ತೆ ಪಕ್ಕ, ನಮ್ಮ ಬೇಲಿ ಮುಂದೆ, ಎರಡಾಳೆತ್ತರದ ಫ್ಲೆಕ್ಸು ನಿಂತಿತು. "ಐತಿಹಾಸಿಕ ಸೀಗೆಹುಂಡಿ ಗ್ರಾಮಕ್ಕೆ ಸುಸ್ವಾಗತ." ಮಧ್ಯದಲ್ಲಿ ಕೂಲಿಂಗ್ ಗ್ಲಾಸು ಹಾಕಿದ ಚಿಕ್ಕಪ್ಪ, ಸುತ್ತಲೂ ಊರಿನ ಅಷ್ಟೂ ಜನ, ಕೆಳಗಿನ ಮೂಲೆಯಲ್ಲಿ ಮೊನ್ನೆ ಹುಟ್ಟಿದ ಕೂಸು. ಅಜ್ಜಿಯ ಫೋಟೊ ಅವಳ ಗುರುತಿನ ಚೀಟಿಯಿಂದ ಎತ್ತಿದ್ದು, ಯಾರನ್ನೋ ಹೊಡೆಯಲು ಹೊರಟವಳ ಹಾಗಿದ್ದಳು. ಮೇಷ್ಟ್ರು ತಮ್ಮ ಖಾತೆಯಿಂದ ಅದರ ಫೋಟೊ ಹಾಕಿದರು ಪಾಪ. ಉತ್ತರ ಬಂತು: "ಫ್ಲೆಕ್ಸನ್ನು ವಿಶ್ವಾಸಾರ್ಹ ಮೂಲವೆಂದು ಪರಿಗಣಿಸಲಾಗದು. ಕಳಕಳಿಗೆ ಧನ್ಯವಾದ."

ವಾರದ ಕೊನೇ ದಿನ ಬಂತು. ಅಜ್ಜಿ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಡಾಕ್ಟರಿಗೆ ತೋರಿಸಲು ಚಾಮರಾಜನಗರಕ್ಕೆ ಬಂದಿದ್ದಳು. ಸಂಜೆ ಇಬ್ಬರೂ ಒಟ್ಟಿಗೇ ಬಸ್ಸು ಹತ್ತಿದೆವು. ಧೋ ಅಂತ ಮಳೆ. ಬಸ್ಸಿನ ತುಂಬ ಒದ್ದೆ ಜನ, ಒದ್ದೆ ಚೆಂಡುಹೂವಿನ ಮೂಟೆಗಳು. ಕಿಟಕಿಗಳೆಲ್ಲ ಮುಚ್ಚಿ ಒಳಗೆ ಉಸಿರಾಡಲು ಆಗದಂಥ ಘಾಟು. ಅಜ್ಜಿ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಮೂಟೆಯ ಮೇಲೆ ಕೂತಿದ್ದಳು. ಫ್ಲೆಕ್ಸಿನಲ್ಲಿ ಕೂಲಿಂಗ್ ಗ್ಲಾಸು ಹಾಕಿದ ಚಿಕ್ಕಪ್ಪನ ತಾಯಿ ಇವಳೇ ಅಂತ ನೋಡಿದ ಯಾರಾದರೂ ಹೇಳಬಹುದಿತ್ತು.

ಊರು ಹತ್ತಿರ ಬರುತ್ತಿದ್ದ ಹಾಗೆ ನಾನು ಎದ್ದೆ. ಲೇಖನ ಇನ್ನೂ ಇತ್ತು. ರಾತ್ರಿ ಒಳಗೆ ಹೋಗುತ್ತದೆ, ಆದರೆ ಆ ಹೊತ್ತಿಗೆ ಇತ್ತು. ಕೆಂಪು ಚೌಕದ ಮೇಲೆ ಹೆಬ್ಬೆಟ್ಟು ಒತ್ತಿಟ್ಟುಕೊಂಡು ಫೋನನ್ನು ನಯಾಜಣ್ಣನ ಮುಖದ ಮುಂದೆ ಹಿಡಿದೆ. "ನೋಡಿ ಅಣ್ಣ. ಸೀಗೆಹುಂಡಿ. ತೋರಿಸಿದ ದಿನ ನಿಲ್ಲಿಸ್ತೀನಿ ಅಂದಿದ್ರಿ."

ಅವರು ಬಗ್ಗಿ ಒಂದೊಂದೇ ಅಕ್ಷರ ಓದಿದರು. "ಸೀಗೆಹುಂಡಿ ಒಂದು ಊರು... ಇಲ್ಲಿ ಎಲ್ಲಾ ಬಸ್ಸುಗಳೂ ನಿಲ್ಲುತ್ತವೆ... ಅರೆ, ನಿಲ್ಲಲ್ವಲ್ಲಮ್ಮ!" ಆಮೇಲೆ, "ಬೆರಳು ತೆಗಿ. ಅದೇನು ಕೆಂಪಗೆ?"

"ಏನಿಲ್ಲ ಅಣ್ಣ."

"ತೆಗಿಯಮ್ಮ."

ತೆಗೆದೆ. ಓದಿದರು. ಬಸ್ಸಿನಲ್ಲಿ ಹತ್ತಿರ ಇದ್ದವರೂ ಕತ್ತು ಚಾಚಿ ಓದಿದರು. ಯಾರೋ ಹಿಂದಿನಿಂದ, "ಊರೇ ಇಲ್ವಂತೆ ಕಣ್ಲಾ" ಅಂತ ಕಿಸಕ್ಕನೆ ನಕ್ಕರು. ನಯಾಜಣ್ಣನಿಗೂ ನಗು ಬಂದಿತ್ತು. ನನಗೆ ಮಾತ್ರ ಎಲ್ಲ ಮುಗಿಯಿತು ಅನ್ನಿಸಿತು. ಪರೀಕ್ಷೆ, ಡಿಗ್ರಿ, ಎಲ್ಲ. ಕಣ್ಣು ತುಂಬಿ ಬಂದು ಫೋನೇ ಕಾಣಲಿಲ್ಲ.

ಆಗ ಅಜ್ಜಿ ಮೂಟೆ ಮೇಲಿಂದ ಎದ್ದಳು. ಕಪ್ಪು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಕೈಯಲ್ಲಿ ಹಿಡಿದುಕೊಂಡಳು.

"ನಯಾಜಪ್ಪ, ಇಲ್ನೋಡು. ಅದು ನೋಟೀಸು ಕಣಪ್ಪ. ನಾವು ಇಲ್ಲ ಅಂತ ನೋಟೀಸು ಕೊಟ್ಟವ್ರೆ. ಅಂವ ಎಲ್ಲೋ ಕುಂತಿರೋನು, ನನ್ನ ನೋಡ್ದೋನಲ್ಲ. ಅವನ ಮ್ಯಾಲೆ ನಂಗೆ ಕ್ವಾಪ ಇಲ್ಲ. ನೀನು ದಿನಾ ನೋಡ್ತೀಯಲ್ಲ, ಬೇಲಿ ತಾವು ನಿಂತು ಕೈ ಬೀಸ್ತೀನಿ, ನೀನೂ ಎಷ್ಟೋ ಸಲ ಬೀಸಿದ್ದೀಯ. ಈಗ ನೀ ಹೇಳು. ನಾನು ಇವ್ನಾ, ಇಲ್ವಾ?"

 ನಯಾಜಣ್ಣ ಮಿಷನ್ ನೋಡಿದರು. ನನ್ನ ಫೋನ್ ನೋಡಿದರು. ಕೊನೆಗೆ ಅಜ್ಜಿಯ ಮುಖ ನೋಡಿದರು.

"ಇದೀಯ ಅಜ್ಜಿ" ಅಂದರು. ಆಮೇಲೆ ಮುಂದಕ್ಕೆ ತಿರುಗಿ ಬಸ್ಸೇ ಅದುರುವ ಹಾಗೆ ಕೂಗಿದರು: "ಹೋಲ್ಡಾನ್! ಸೀಗೆಹುಂಡಿ! ಸೀಗೆಹುಂಡಿ ಯಾರ್ರೀ ಇಳಿಯೋರು?"

ಬಸ್ಸು ಫ್ಲೆಕ್ಸಿನ ಬುಡದಲ್ಲಿ ನಿಂತಿತು. ನಾವಿಬ್ಬರೂ ಇಳಿದೆವು. ನಯಾಜಣ್ಣ ಬಾಗಿಲಲ್ಲಿ ನೇತಾಡುತ್ತ ಮೇಲೆ ಫ್ಲೆಕ್ಸಿನಲ್ಲಿದ್ದ ಅಜ್ಜಿಯನ್ನೂ ಕೆಳಗೆ ನಿಂತ ಅಜ್ಜಿಯನ್ನೂ ನೋಡಿ, "ಯಾ ಅಲ್ಲಾ, ಎರಡೆರಡು ಕಡೆ ಇದೀಯ" ಅಂದು ರೈಟ್ ಹೇಳಿದರು.

ಅವತ್ತೇ ಲೇಖನ ಹೋಯಿತು. ನಮ್ಮ ಮನೆಯಲ್ಲಿ ಅದಕ್ಕೆ ಅತ್ತವರು ಯಾರೂ ಇಲ್ಲ. "ಅಳಿಸ್ಕಳ್ಲಿ ಬುಡು, ಬಸ್ ನಿಂತದಲ್ಲ" ಅಂದಳು ಅವ್ವ. ದೀಪಾವಳಿ ಬಂತು, ಹೋಯಿತು, ನಾನು ಕಾಲೇಜಿಗೆ ಹೋಗುತ್ತಲೇ ಇದ್ದೆ. ಮೇಷ್ಟ್ರು, "ಲೇಖನ ಇಲ್ಲ, ಆದರೂ ಇಡೀ ಊರಿಗೆ ಸಂಪಾದನೆ ಕಲಿಸಿದ್ದೀಯ" ಅಂತ ಮಾರ್ಕ್ಸು ಕೊಟ್ಟರು.

ಅಜ್ಜಿ ಮಾತ್ರ ಅವತ್ತಿನಿಂದ ಫ್ಲೆಕ್ಸಿನ ಕೆಳಗಿನ ಕಲ್ಲಿನ ಮೇಲೆ ಬ್ಯಾಟರಿ ಹಿಡಿದು ಕಾಯತೊಡಗಿದಳು. ಬಸ್ಸು ನಿಲ್ಲುವ ಮೊದಲೇ ನಯಾಜಣ್ಣ ಬಾಗಿಲಲ್ಲಿ ಬಗ್ಗಿ ಕೂಗುವರು: "ಅಜ್ಜೀ, ಇದೀಯಾ?" ಅಜ್ಜಿ ಅಲ್ಲಿಂದಲೇ, "ಇವ್ನಿ ಕಣಪ್ಪ, ರೈಟ್ ಹೇಳು!" ಅನ್ನುವಳು. ನನ್ನ ಓದು ಮುಗಿಯಿತು, ಚಾಮರಾಜನಗರದಲ್ಲಿ ಹೈಸ್ಕೂಲು ಮೇಡಂ ಆಗಿ ಅಲ್ಲೇ ಮನೆ ಮಾಡಿದೆ. ಬಸ್ಸಿನಿಂದ ಇಳಿಯುವವರು ಯಾರೂ ಇಲ್ಲದ ದಿನವೂ ಇವರಿಬ್ಬರ ಈ ವಿಚಾರಣೆ ನಡೆಯುತ್ತಿತ್ತು ಅಂತ ಅವ್ವ ಹೇಳುತ್ತಿದ್ದಳು.

ಆಮೇಲೊಂದು ವರ್ಷ ಕೇರಳದ ಕಾರುಗಳು ನಮ್ಮ ಚೆಂಡುಹೂವಿನ ಹೊಲಗಳಿಗೆ ಫೋಟೊ ತೆಗೆಸಿಕೊಳ್ಳಲು ಮುಗಿಬಿದ್ದವು. ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ, "ಸೀಗೆಹುಂಡಿ ಬಸ್ ನಿಲುಗಡೆಯ ಬಳಿ ಪ್ರವಾಸಿಗರ ದಟ್ಟಣೆ" ಅಂತ ನಾಲ್ಕು ಸಾಲು ಬಂತು. ಕೆಲವೇ ದಿನಗಳಲ್ಲಿ ಲೇಖನ ಮತ್ತೆ ಹುಟ್ಟಿತ್ತು. ಬರೆದವರು ಅದೇ ಹೆಸರಿಲ್ಲದ ಸಂಪಾದಕರು. "ಸೀಗೆಹುಂಡಿ ಒಂದು ಊರು. ಇಲ್ಲಿ ಬಸ್ ನಿಲುಗಡೆ ಇದೆ." ಪಕ್ಕದಲ್ಲಿ ಆಧಾರದ ಪುಟ್ಟ ಅಂಕಿ. ಸುಳ್ಳು ಬರೆದಿದ್ದ ಚಿಕ್ಕಪ್ಪ, "ನಾ ಅವತ್ತೇ ಬರೀನಿಲ್ವಾ?" ಅಂತ ಮೀಸೆ ತಿರುವಿದ. ಎಲೆಕ್ಷನ್ನಲ್ಲಿ ಮಾತ್ರ ಮತ್ತೆ ಸೋತ.

ಅಜ್ಜಿ ಕಳೆದ ಬೇಸಿಗೆಯಲ್ಲಿ ತೀರಿಕೊಂಡಳು. ತಿಥಿ ಎಲ್ಲ ಮುಗಿದ ಮೇಲೆ ನಾನು ಆ ಬಸ್ಸು ಹತ್ತಿದ್ದು ಮೊನ್ನೆಯೇ. ವಿಶ್ವಕೋಶದ ಆ ಪುಟದಲ್ಲಿ ಅವಳ ಬಗ್ಗೆ ಒಂದಕ್ಷರವೂ ಇಲ್ಲ. ನಾನೂ ಹಾಕಲು ಹೋಗಿಲ್ಲ, ಆಧಾರ ಕೇಳುತ್ತಾರೆ.

ಊರು ಬಂತು. ಫ್ಲೆಕ್ಸು ಹರಿದು ಬರೀ ಚೌಕಟ್ಟು ಉಳಿದಿದೆ. ಗಡ್ಡ ಬೆಳ್ಳಗಾದ ನಯಾಜಣ್ಣ, "ಹೋಲ್ಡಾನ್, ಸೀಗೆಹುಂಡಿ!" ಅಂದು ಅಭ್ಯಾಸಬಲದಿಂದ ಬಾಗಿಲಲ್ಲಿ ಬಗ್ಗಿದರು. "ಅಜ್ಜೀ, ಇ..." ಅಂದವರೇ ಖಾಲಿ ಕಲ್ಲು ನೋಡಿ ನಾಲಿಗೆ ಕಚ್ಚಿಕೊಂಡರು. ಬಾಗಿಲಲ್ಲೇ ನಿಂತುಬಿಟ್ಟರು, ರೈಟ್ ಹೇಳಲೇ ಇಲ್ಲ. ಡ್ರೈವರು ಎರಡು ಸಲ ಹಾರ್ನ್ ಮಾಡಿದ.

ನಾನು ಇಳಿದು, ಚೀಲವನ್ನು ಆ ಕಲ್ಲಿನ ಮೇಲಿಟ್ಟು, ಅವರ ಕಡೆ ತಿರುಗಿದೆ.

"ಇವ್ನಿ ಕಣಣ್ಣ" ಅಂದೆ. "ರೈಟ್ ಹೇಳಿ."